ಒರಗಬಾರದ ಗೋಡೆ

ನಾನು ಮದುವೆಯಾಗಿ ಚನ್ನರಾಯಪಟ್ಟಣಕ್ಕೆ ಬಂದಾಗ ನಮ್ಮತ್ತೆ ಮನೆಯ ಪಡಸಾಲೆ ಗೋಡೆಯ ಮೇಲೆ ಮನೆಮಂದಿಯ ತಲೆಗಳೆಲ್ಲ ಇದ್ದವು. ಪಟಗಳಲ್ಲ, ಎಣ್ಣೆಯ ಗುರುತುಗಳು. ಕೊಬ್ಬರಿ ವ್ಯಾಪಾರದ ಮನೆ. ಮಿಕ್ಕ ವಿಷಯದಲ್ಲಿ ಕೈ ಬಿಗಿಯಿದ್ದರೂ ತಲೆಗೆ ಎಣ್ಣೆ ಹಚ್ಚುವುದರಲ್ಲಿ ಯಾರೂ ಹಿಂದೆ ಬಿದ್ದವರಲ್ಲ. ಊಟವಾದ ಮೇಲೆ ಎಲ್ಲರೂ ಬಂದು ತಮ್ಮ ತಮ್ಮ ಜಾಗದಲ್ಲಿ ಗೋಡೆಗೆ ತಲೆ ಒರಗಿಸಿ ಕೂರುವರು. ಬಾಗಿಲ ಪಕ್ಕದ ಅಗಲವಾದ ಗುರುತು ಮಾವನವರದು. ಕಂಬದ ಹಿಂದೆ, ಗೇಣು ಕೆಳಗೆ ಇದ್ದದ್ದು ಅತ್ತೆಯದು. ನಡುಮಧ್ಯೆ ಕಪ್ಪಿಟ್ಟು ಹೋಗಿದ್ದದ್ದು ಎಂದೋ ತೀರಿಕೊಂಡಿದ್ದ ಅಜ್ಜನದು. ಮಾವನವರು ಅದನ್ನು ತೋರಿಸಿ, "ಇವ್ರು ನಮ್ಮಪ್ಪಾರು" ಎಂದು ನೆಂಟರಿಗೆ ಪರಿಚಯ ಮಾಡಿಕೊಡುತ್ತಿದ್ದರು.

ನನ್ನ ಗಂಡನಿಗೂ ಒಂದು ಗುರುತಿತ್ತು. ನನಗಿರಲಿಲ್ಲ. ಹೊಸ ಸೊಸೆ ಮಾವನ ಎದುರಿಗೆ ಗೋಡೆಗೆ ಒರಗಿ ಕೂರುವುದುಂಟೆ? ನಾನು ಅಡುಗೆಮನೆ ಬಾಗಿಲಲ್ಲಿ ನಿಂತೇ ಅವರ ಮಾತು ಕೇಳಬೇಕಿತ್ತು. ಕಾಲು ನೋಯುವಾಗ ಆ ಗೋಡೆಯನ್ನು ನೋಡಿ, ನನ್ನ ಜಾಗ ಎಲ್ಲಿ ಬರಬಹುದು ಎಂದು ಲೆಕ್ಕ ಹಾಕುತ್ತಿದ್ದೆ.

ಅಷ್ಟರಲ್ಲಿ ಮಾವನವರು ಯಾವುದೋ ವ್ಯಾಜ್ಯದ ಮೇಲೆ ಹಾಸನಕ್ಕೆ ಹೋಗಿ ಒಬ್ಬ ವಕೀಲರ ಮನೆಯಲ್ಲಿ ಕೂತು ಬಂದರು. ವ್ಯಾಜ್ಯ ಏನಾಯಿತೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಅವರು ಬಂದವರೇ ಮೆಟ್ಟು ಬಿಡುವ ಮೊದಲೇ ಹೇಳಿದ್ದು ಗೋಡೆಯ ಸುದ್ದಿ.

"ನುಣ್ಣಗೆ ಕನ್ನಡಿ ಇದ್ದಂಗದೆ ಕಣ್ಲಾ ಗೋಡೆ!" ಎಂದು ಮಗನಿಗೆ ಹೇಳಿದರು. "ಬರೀ ಸುಣ್ಣದ ಗಾರೆ. ತಿಕ್ಕಿ ತಿಕ್ಕಿ ಅಂಗ್ ಮಾಡವ್ರೆ. ನನ್ ಮಕ ಕಾಣ್ತಿತ್ತು. ಅಲ್ಲೇ ಮೀಸೆ ತಿದ್ಕಂಡು ಬಂದೆ."

ನನ್ನ ಅತ್ತೆ ಗಂಡನೊಂದಿಗೆ ನೇರವಾಗಿ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಆಗಿನ ಹೆಂಗಸರ ಮರ್ಯಾದೆ ಅದು. ಹೇಳುವುದನ್ನೆಲ್ಲ ಪಡಸಾಲೆಯ ಕಂಬಕ್ಕೆ ಹೇಳುವರು. ಬಾಗಿಲ ಪಕ್ಕ ಕೂತ ಮಾವನವರಿಗೆ ಅದು ಕೇಳಿಸುವುದು. ಅವತ್ತೂ ಕಂಬಕ್ಕೆ ಹೇಳಿದರು: "ಮೀಸೆ ನೋಡ್ಕಳಕೆ ಗೋಡೆ ಬೇಕಂತೆ. ಸಂತೇಲಿ ಕನ್ನಡಿ ಸಿಕ್ಕಾಕಿಲ್ವಂತಾ ಕೇಳು." ಕಂಬ ಕೇಳಲಿಲ್ಲ. ಮಾವನವರೂ ಕೇಳಿಸಿಕೊಳ್ಳಲಿಲ್ಲ.

ಆಗ ಯುದ್ಧದ ಕಾಲ. ಸಿಮೆಂಟು ಕಣ್ಣಿಗೆ ಬೀಳುತ್ತಿರಲಿಲ್ಲ, ಸೀಮೆಎಣ್ಣೆಗೂ ಬಡಿದಾಟ. ಊರವರೆಲ್ಲ ಯಾವುದೂ ಸಿಗುವುದಿಲ್ಲ ಎಂದು ಪೇಚಾಡುತ್ತಿದ್ದರೆ, ಮಾವನವರು ಸಿಕ್ಕುವ ವಸ್ತುವಿನಲ್ಲೇ ಮೆರೆಯುವ ದಾರಿ ಕಂಡುಕೊಂಡಿದ್ದರು. ಜ್ಯೇಷ್ಠದಲ್ಲೇ ಹಳೇ ಗೋಡೆ ಕೆರೆಯುವ ಕೆಲಸ ಶುರುವಾಯಿತು. ಆಳು ಅಜ್ಜನ ತಲೆಯ ಹತ್ತಿರ ಬಂದ. "ನಮ್ ಮಾವನೋರ್ ತಲೇನೂ ಬುಡಾಕಿಲ್ವಂತೆ" ಎಂದು ಅತ್ತೆ ಕಂಬಕ್ಕೆ ದೂರು ಹೇಳಿದರು. ಮಾವನವರು ಕೈ ಮುಗಿದು, ಅತ್ತ ತಿರುಗಿ, "ಕೆರಿ" ಎಂದರು.

ಈ ಗೋಡೆಗೂ ನನಗೂ ವೈರ ಬಂದದ್ದು ಆಷಾಢದಲ್ಲಿ. ಹೊಸದಾಗಿ ಮದುವೆಯಾದ ಹುಡುಗಿ ಆಷಾಢಕ್ಕೆ ತವರಿಗೆ ಹೋಗುವುದು ಎಲ್ಲರ ಮನೆಯ ಪದ್ಧತಿ. ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು. ನನ್ನ ತವರು ಅರಕಲಗೂಡು. ನಾನು ಸೀರೆ ಮಡಿಸಿಟ್ಟುಕೊಂಡು ಕಾಯುತ್ತಿದ್ದೆ. ಆದರೆ ಗಾರೆಯವರಿಗೆ ಅಡುಗೆಯಾಗಬೇಕು, ಸುಣ್ಣದ ಗುಂಡಿಗೆ ನೀರು ಸೇದಬೇಕು, ಮನೆಯಲ್ಲಿ ಕೈ ಸಾಲದು. ಮಾವನವರು ಯೋಚನೆ ಮಾಡಿ ಒಂದು ಉಪಾಯ ಹುಡುಕಿದರು. "ಒಂದೇ ಹೊಸಿಲು ದಾಟ್ಬಾರ್ದು ಅಂತ ತಾನೆ ಇರಾದು? ಸೊಸೆ ಹಿತ್ಲು ಬಾಗ್ಲಲ್ಲಿ ಓಡಾಡ್ಲಿ. ಅವ್ಳು ಮುಂದ್ಲು ಬಾಗ್ಲಲ್ಲಿ ಓಡಾಡ್ತಾಳೆ." ಆಷಾಢವಿಡೀ ನಾನು ಎಮ್ಮೆಯೊಂದಿಗೆ ಹಿತ್ತಲ ಬಾಗಿಲಲ್ಲಿ ಒಳಗೆ ಹೊರಗೆ ಮಾಡಿದೆ. ಅತ್ತೆ ಹಿತ್ತಲ ಬಾವಿಗೆ ಬರಬೇಕಾದರೆ ಬೀದಿ ಬಾಗಿಲಿಂದ ಇಳಿದು ಓಣಿ ಸುತ್ತಿ ಬರುವರು. ದಿನಾ ಆ ಸುತ್ತು ನೋಡಿದ ಪಕ್ಕದ ಮನೆಯವರು ನಮ್ಮಿಬ್ಬರಿಗೂ ಜಗಳವಾಗಿದೆ ಎಂದೇ ತಿಳಿದರು.

"ಗೌರಿ ಅಬ್ಬಕ್ಕೆ ಕಳುಸ್ತೀನಿ. ಗೋಡೆ ಒಂದು ಆಗ್ಬುಡ್ಲಿ" ಎಂದು ಮಾವನವರು ನನಗೆ ಮಾತು ಕೊಟ್ಟರು. ಮೊದಲ ಗೌರಿಗೆ ಅವ್ವ ನನ್ನ ಕೈಗೆ ಬಾಗಿನ ಕೊಡಬೇಕು. ಅದಕ್ಕೆ ಹೊಸ ಮೊರ ತಂದು ಅರಿಸಿನ ಬಳಿದಿಟ್ಟಿದ್ದಾಳೆಂದು ಅರಕಲಗೂಡಿನಿಂದ ಬಂದವರು ಹೇಳಿದ್ದರು. ಅಂದಿನಿಂದ ನನಗೆ ಹಗಲೂ ಕಣ್ಣ ಮುಂದೆ ಆ ಮೊರವೇ. ಗೋಡೆ ಮುಗಿದರೆ ಅವ್ವ, ಮುಗಿಯದಿದ್ದರೆ ಎಮ್ಮೆ.

ಗಾರೆ ಮೇಸ್ತ್ರಿ ಹೊಳೆನರಸೀಪುರದವನು. ಅವನ ಬಾಯಿ ಅವನ ಕೈಗಿಂತ ಹೆಚ್ಚು ಕೆಲಸ ಮಾಡುತ್ತಿತ್ತು. "ನಾನ್ ನಯ ಮಾಡಿದ್ ಗೋಡೆ ಮ್ಯಾಲೆ ನೊಣ ಕೂತ್ರೆ ಜಾರಿ ಬೀಳ್ತದೆ ಸಾವ್ಕಾರ್ರೇ" ಎನ್ನುವನು. ಯಾವುದೋ ಮನೆಯಲ್ಲಿ ಕರು ಗೋಡೆಯೊಳಗೆ ಇನ್ನೊಂದು ಕರುವನ್ನು ಕಂಡು ಹಾಯಲು ಹೋಗಿ ಹಣೆ ಊದಿಸಿಕೊಂಡಿತಂತೆ. ಈ ಕಥೆ ಹೇಳಿದಷ್ಟೂ ಸಲ ಕರು ದೊಡ್ಡದಾಗುತ್ತಾ ಹೋಗಿ ಕೊನೆಗೆ ಹೋರಿಯಾಗಿತ್ತು. ಮಾವನವರು ಬಾಯಿ ಬಿಟ್ಟುಕೊಂಡು ಕೇಳುವರು, ಕೆಲಸ ನಿಂತಿರುವುದು. ನಾನು ಒಳಗೆ ಪಾತ್ರೆ ಕುಕ್ಕುವೆ.

ಸುಣ್ಣ ಗುಂಡಿಯಲ್ಲಿ ನೆನೆದು, ಅರೆಯುವ ಕಲ್ಲಿನಲ್ಲಿ ಬೆಣ್ಣೆಯಾಯಿತು. ಬೆಲ್ಲದ ನೀರು ಸೇರಿತು, ಅಳಲೆಕಾಯಿ ನೆನೆಸಿದ ನೀರು ಸೇರಿತು. ಒರಟು ಪದರ ಒಂದು, ಅದು ಆರಿದ ಮೇಲೆ ಸಣ್ಣ ಪದರ ಒಂದು. ಮಳೆಗಾಲ, ಬೇಗ ಎಲ್ಲಿ ಆರೀತು? ನಾನು ಹೋಗಿ ಬಂದು ಗೋಡೆ ಮುಟ್ಟಿ ನೋಡುತ್ತಿದ್ದೆ, ಜ್ವರ ಬಂದವರ ಹಣೆ ಮುಟ್ಟಿದಂತೆ. ಮೇಲಂಚಿಗೆ ಅಲೆ ಅಲೆಯಾಗಿ ಗೀರು ಎಳೆಯಲು ಮೇಸ್ತ್ರಿಗೆ ಒಂದು ಮರದ ಬಾಚಣಿಗೆ ಬೇಕಾಯಿತು. ಯಾರನ್ನೂ ಕೇಳದೆ ಗೂಡಿನಲ್ಲಿದ್ದ ಅತ್ತೆಯ ಬಾಚಣಿಗೆ ತೆಗೆದುಕೊಂಡ. ಗೀರು ಬಹಳ ಚೆನ್ನಾಗಿ ಬಂತು. ಅತ್ತೆ ಸುಣ್ಣ ಮೆತ್ತಿದ ಬಾಚಣಿಗೆಯನ್ನು ಕಂಬಕ್ಕೆ ತೋರಿಸಿ ಆಡಿದ ಮಾತುಗಳನ್ನು ನಾನು ಇಲ್ಲಿ ಬರೆಯಲಾರೆ.

ದೊಡ್ಡ ಗಲಾಟೆಯಾದದ್ದು ಕಡೆಯ ಪದರದ ಸಮಯದಲ್ಲಿ. ಕಾವಿಯ ಕೆಂಪು ಬೆರೆಸಿದ ತೆಳ್ಳನೆಯ ಪದರ ಅದು. ಅದನ್ನು ಬಳಿದ ಮೇಲೆಯೇ ತಿಕ್ಕಿ ಹೊಳಪು ತರಬೇಕು. ಮೇಸ್ತ್ರಿ ಕೈ ಒರೆಸಿಕೊಂಡು ಪಡಸಾಲೆ ಮಧ್ಯೆ ನಿಂತು ಹೇಳಿದ: "ಇದುಕ್ಕೆ ಕೋಳಿಮೊಟ್ಟೆ ಬಿಳೀದು ಬೇಕಾಯ್ತದೆ ಸಾವ್ಕಾರ್ರೇ. ಒಂದು ಬುಟ್ಟಿ ಮೊಟ್ಟೆ ತರ್ಸಿಬುಡಿ."

ನಮ್ಮದು ಲಿಂಗ ಕಟ್ಟಿದವರ ಮನೆ. ಈರುಳ್ಳಿಯೇ ನಮ್ಮಲ್ಲಿ ದೊಡ್ಡ ಧೈರ್ಯ. ಮಾವನವರ ಕೈ ತಾನಾಗಿ ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋಯಿತು. ಆಚೆ ಜಗಲಿಯಲ್ಲಿ ಕೂತಿದ್ದ ಬಾಗೂರಿನ ನೆಂಟರೊಬ್ಬರು ಮಳೆ ಬರುವ ಹಾಗಿದೆ ಎಂದು ಎದ್ದು ಹೋದರು. ಅತ್ತೆ ಕಂಬದ ಹತ್ತಿರ ಬಂದು ನಿಂತು, "ಆ ಮಾತಾಡ್ದ ಬಾಯ್ಗೆ ಮೊದ್ಲು ಗಾರೆ ಮೆತ್ತು ಅಂತೇಳು" ಎಂದರು.

ಮೇಸ್ತ್ರಿ ಹೆದರಲಿಲ್ಲ. ಮೊಟ್ಟೆ ಹಾಕದ ಗೋಡೆ ಗೋಡೆಯೇ ಅಲ್ಲ, ಯಾವ ಯಾವ ದೊಡ್ಡ ಮನೆಗಳ ಗೋಡೆಯಲ್ಲಿ ಎಷ್ಟು ಮೊಟ್ಟೆಯಿದೆ, ಹೇಳಿದರೆ ಯಾರ್ಯಾರು ಮನೆ ಬಿಡಬೇಕಾಗುತ್ತದೆ ಎಂದೆಲ್ಲ ವಾದಿಸಿದ. ಕೊನೆಗೆ ಮೊಸರಿಗೆ ಒಪ್ಪಿದ. ಒಪ್ಪಿದನೆಂದು ಅತ್ತೆ ನಂಬಬೇಕಲ್ಲ! ಅವನು ಗಾರೆ ಕಲಸುವ ಬಾನಿಯ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತುಬಿಟ್ಟರು. ಏನು ಹಾಕಿದರೂ ಮೂಸಿ ನೋಡಿಯೇ ಹಾಕಬೇಕು. ಅವನು ಎಲೆಯಡಿಕೆ ಉಗಿಯಲು ಎದ್ದರೆ ಸಂಚಿ ಇಟ್ಟು ಹೋಗಬೇಕು. ಮನೆಯ ಮೊಸರೆಲ್ಲ ಬಾನಿಗೆ ಹೋಯಿತು. ನಾವು ನೀರು ಮಜ್ಜಿಗೆಗೆ ಬಾಯಿ ಬಿಡುತ್ತಿದ್ದರೆ ಗೋಡೆ ಬೆಲ್ಲ, ಗಟ್ಟಿ ಮೊಸರು ಉಂಡು ಕೂತಿತ್ತು. ಅಷ್ಟು ಉಪಚಾರ ನಮ್ಮ ಮದುವೆಯಲ್ಲಿ ಬೀಗರಿಗೂ ನಡೆದಿರಲಿಲ್ಲ.

ತಿಕ್ಕುವ ದಿನ ಬಂತು. ಗೌರಿಗೆ ಇನ್ನೇನು ಕೆಲವೇ ದಿನ. ಈ ಕೆಲಸದ ಮರ್ಮವೆಂದರೆ ಒಮ್ಮೆ ಕೈ ಹಚ್ಚಿದರೆ ನಿಲ್ಲಿಸುವಂತಿಲ್ಲ. ಹಸಿ ಇರುವಾಗಲೇ ಗೋಡೆ ಪೂರ್ತಿ ತಿಕ್ಕಿ ಮುಗಿಸಬೇಕು. ಎಲ್ಲಿ ಕೈ ನಿಂತಿತೋ ಅಲ್ಲಿ ಗೆರೆ ಉಳಿಯುತ್ತದೆ. ಮೇಸ್ತ್ರಿ ಹೇಮಾವತಿ ಹೊಳೆಯ ನುಣ್ಣನೆಯ ಕಲ್ಲುಗಳನ್ನು ಗಂಟು ಕಟ್ಟಿ ತಂದಿದ್ದ. ಆದರೆ ಅವನ ಇಬ್ಬರು ಆಳುಗಳು ಹಬ್ಬಕ್ಕೆಂದು ಊರಿಗೆ ಹೋಗಿ ಕೂತಿದ್ದರು. ಹಬ್ಬಕ್ಕೆ ಊರಿಗೆ ಹೋಗುವ ಭಾಗ್ಯ ಅವರಿಗಾದರೂ ಇತ್ತಲ್ಲ ಎಂದು ನನಗೆ ಹೊಟ್ಟೆ ಉರಿಯಿತು. ಬೇರೆ ದಾರಿಯಿಲ್ಲದೆ ಮಾವನವರು ಮನೆಮಂದಿಗೆಲ್ಲ ಒಂದೊಂದು ಕಲ್ಲು ಹಂಚಿದರು.

ಮಾವನವರು ಪಂಚೆ ಎತ್ತಿ ಕಟ್ಟಿ ತಿಕ್ಕಿದರು. ನನ್ನ ಗಂಡ ಅಂಗಡಿ ಬಾಗಿಲು ಹಾಕಿ ಬಂದು ತಿಕ್ಕಿದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದೊಂದು ಸಲ ಕೈಯಾಡಿಸಿದಾಗಲೂ ಅರಕಲಗೂಡಿಗೆ ಒಂದು ಮಾರು ಹತ್ತಿರವಾದೆ ಎಂದುಕೊಂಡು ತಿಕ್ಕಿದೆ. ಗೋಡೆಯನ್ನು ಮುಟ್ಟುವುದಿಲ್ಲ ಎಂದಿದ್ದ ಅತ್ತೆ, ನಾವು ತಿಕ್ಕುವ ರೀತಿ ನೋಡಲಾರದೆ ಎದ್ದು ಬಂದು ಕಲ್ಲು ಕಿತ್ತುಕೊಂಡರು. ನಿಜ ಹೇಳಬೇಕೆಂದರೆ ನಮ್ಮೆಲ್ಲರಿಗಿಂತ ಚೆನ್ನಾಗಿ ತಿಕ್ಕಿದವರು ಅವರೇ. ವರ್ಷಗಟ್ಟಲೆ ರುಬ್ಬುಗುಂಡು ಆಡಿಸಿದ ಕೈ ಅದು. ತಿಕ್ಕುತ್ತಾ ತಿಕ್ಕುತ್ತಾ ಗೋಡೆ ಬೆವರಿತು. ಬಟ್ಟೆಯಲ್ಲಿ ಒರೆಸಿ ಮತ್ತೆ ತಿಕ್ಕಿದೆವು. ನಾವೂ ಬೆವರಿದೆವು, ನಮ್ಮನ್ನು ಯಾರೂ ಒರೆಸಲಿಲ್ಲ.

ಆ ಹೊತ್ತಿಗೆ ಸರಿಯಾಗಿ ನನ್ನಣ್ಣ ಬಂದ. ಇದ್ದಿಲು ಸುಟ್ಟು ಓಡುವ ಆಗಿನ ಬಸ್ಸಿನಲ್ಲಿ ಬಂದು ಮುಖವೆಲ್ಲ ಮಸಿ. "ತಂಗೀನ ಕರ್ಕಂಡೋಗನ ಅಂತ..." ಎಂದು ಬಾಗಿಲಲ್ಲಿ ಬಾಯಿ ತೆರೆದ. "ಬಂದ್ರಾ? ಒಳ್ಳೇ ಒತ್ಗೆ ಬಂದ್ರಿ, ಇಡ್ಕಳಿ" ಎಂದು ಮಾವನವರು ಅವನ ಕೈಗೂ ಒಂದು ಕಲ್ಲು ಕೊಟ್ಟರು. ಬೀಗರ ಮನೆಗೆ ಬಂದವನು, ಕಾಲಿಗೆ ನೀರಿಲ್ಲ, ಕುಡಿಯಲು ಬೆಲ್ಲದ ಪಾನಕವಿಲ್ಲ. ಬೆಲ್ಲವಾದರೂ ಎಲ್ಲಿತ್ತು? ಪಾಪ, ಅವನು ಬಸ್ಸಿನ ಮಸಿ ಮುಖದಲ್ಲೇ ಮೂಲೆಯ ಹತ್ತಿರ ನಿಂತು ತಿಕ್ಕತೊಡಗಿದ.

ಸಂಜೆಯ ಹೊತ್ತಿಗೆ ಗೋಡೆ ಮಿಂಚಿತು. ಒಪ್ಪಿಕೊಳ್ಳಲೇಬೇಕು, ಅಂಥ ಗೋಡೆಯನ್ನು ನಾನು ಕಂಡಿರಲಿಲ್ಲ. ಹೊಸ ತಾಮ್ರದ ಹಂಡೆಯ ಹಾಗೆ ಕೆಂಪಗೆ, ತಣ್ಣಗೆ. ನಮ್ಮ ನೆರಳುಗಳು ಅದರೊಳಗೆ ಓಡಾಡಿದವು. ನನ್ನಣ್ಣ ಅದರಲ್ಲಿ ತನ್ನ ಮುಖ ನೋಡಿ ಬೆಚ್ಚಿಬಿದ್ದು ಮಸಿ ತೊಳೆಯಲು ಹೋದ. ಮಾವನವರು ಮೀಸೆ ತಿದ್ದಿಕೊಂಡರು. "ಇನ್ಮ್ಯಾಲೆ ಯಾರೂ ಈ ಗೋಡೆಗೆ ಒರಗಂಗಿಲ್ಲ. ಎಣ್ಣೆ ತಲೆ ತಂದ್ರೆ ನಾನ್ ಸುಮ್ಕಿರಾಕಿಲ್ಲ" ಎಂದು ಅಪ್ಪಣೆ ಮಾಡಿದರು. ನನಗೆ ಅದರ ಚಿಂತೆಯಿರಲಿಲ್ಲ. ನಾನು ಒಳಗೆ ಹೋಗಿ ಸೀರೆ ಗಂಟು ಕಟ್ಟತೊಡಗಿದೆ.

ಪಡಸಾಲೆಯಿಂದ ಮಾವನವರ ಕೂಗು ಕೇಳಿಸಿತು. ಓರೆ ಬಿಸಿಲಲ್ಲಿ ಗೋಡೆಯ ಒಂದು ಮೂಲೆಯ ಹತ್ತಿರ, ಕೂತವರ ತಲೆಯೆತ್ತರಕ್ಕಿಂತ ಸ್ವಲ್ಪ ಮೇಲೆ, ತಟ್ಟೆಯಗಲ ಮಂಕು ಕಾಣುತ್ತಿತ್ತು. ಅದು ನನ್ನಣ್ಣ ತಿಕ್ಕಿದ ಜಾಗ.

"ಅರಕಲಗೂಡ್ನೋರ್ ಕೈ!" ಎಂದರು ಮಾವನವರು, ಅರಕಲಗೂಡಿನವರಿಗೆಲ್ಲ ಹುಟ್ಟುತ್ತಲೇ ಕೈ ಮಂಕಾಗಿರುವ ಹಾಗೆ. ಅಲ್ಲಿಗಷ್ಟೇ ತೇಪೆ ಹಾಕಲು ಬರುವುದಿಲ್ಲವೆಂದು ಮೇಸ್ತ್ರಿ ಹೇಳಿದ. ತೇಪೆ ಎದ್ದು ಕಾಣುತ್ತದೆ, ಕಡೆಯ ಪದರ ಪೂರ್ತಿ ಕೆರೆದು ಮತ್ತೆ ಬಳಿಯಬೇಕು. "ಗೌರಿ ಗಣೇಶ ಕಳೀಲಿ. ನಿಧಾನುಕ್ಕೆ ಮಾಡನ ಸಾವ್ಕಾರ್ರೇ." ಅವನಿಗೇನು, ಇನ್ನಷ್ಟು ದಿನ ಕೂತು ಉಣ್ಣುವ ಯೋಗ.

"ಅಂಗಾರೆ ನಾಳೆ ಬೆಳಿಗ್ಗೆ ಕೆರೀರಿ" ಎಂದರು ಮಾವನವರು. ಆಮೇಲೆ ನನ್ನಣ್ಣನ ಕಡೆ ತಿರುಗಿದರು. "ನೀವೇನೂ ತಿಳ್ಕಬ್ಯಾಡಿ. ಬರೋ ವರ್ಷಾನೂ ಗೌರಿ ಬಂದೇ ಬತ್ತಾಳೆ. ಎಲ್ಲೋಗ್ತಾಳೆ?"

ಅಣ್ಣ ತಲೆ ತಗ್ಗಿಸಿ ತನ್ನ ಕೈಗಳನ್ನೇ ನೋಡಿಕೊಂಡು ನಿಂತ. ಅಪ್ಪನ ಎದುರು ನನ್ನ ಗಂಡನಿಗೆ ಬಾಯಿಯೇ ಇರಲಿಲ್ಲ. ನಾನು ಹಿತ್ತಲ ಬಾವಿಯ ಹತ್ತಿರ ಹೋಗಿ, ಎಮ್ಮೆ ನೋಡುತ್ತಿದ್ದರೂ ನಾಚದೆ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಆಷಾಢದಿಂದ ತಡೆದಿಟ್ಟದ್ದೆಲ್ಲ ಬಂತು. ನನಗೆ ಅವ್ವ ಬೇಕಿತ್ತು, ಅಷ್ಟೇ. ನೀರಿಗೆ ಬಂದ ನಮ್ಮತ್ತೆ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. "ಕಣ್ಣೊರುಸ್ಕ. ಓಗಿ ಎಸರಿಡು" ಎಂದು ಕೊಡ ತುಂಬಿಸಿಕೊಂಡು ಹೋದರು. ಈ ಮನೆಯಲ್ಲಿ ಕಲ್ಲು ಗೋಡೆಯಲ್ಲಿ ಮಾತ್ರವಲ್ಲ, ಎದೆಯಲ್ಲೂ ಇದೆ ಎಂದುಕೊಂಡೆ.

ಬೆಳಿಗ್ಗೆ ನಾನು ಅಂಗಳಕ್ಕೆ ನೀರು ಹಾಕಿ ಒಳಗೆ ಬರುವಾಗ ಪಡಸಾಲೆಯಲ್ಲಿ ಸರಸರ ಸದ್ದು. ಅತ್ತೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಒದ್ದೆ ಕೂದಲಲ್ಲೇ ಗೋಡೆಯ ಮುಂದೆ ನಿಂತು ಹೊಳೆಯ ಕಲ್ಲಿನಿಂದ ತಿಕ್ಕುತ್ತಿದ್ದರು. ನಾನು ಹತ್ತಿರ ಹೋಗಿ ನೋಡಿ ಅಲ್ಲೇ ನಿಂತುಬಿಟ್ಟೆ. ಆ ಮಂಕು ಜಾಗದ ಮೇಲೆ, ಮಳೆಗಾಲದ ತಂಪಿಗೆ ಇನ್ನೂ ತೇವ ಆರದಿದ್ದ ಕೆಂಪು ಗಾರೆಯಲ್ಲಿ, ಮೂರು ಬೆರಳಿನಿಂದ ಎಳೆದ ಗೇಣುದ್ದದ ವಿಭೂತಿ! ಎಳೆದದ್ದಷ್ಟೇ ಅಲ್ಲ, ಕಲ್ಲಿನಿಂದ ತಿಕ್ಕಿ ತಿಕ್ಕಿ ಗಾರೆಯೊಳಕ್ಕೇ ಇಳಿಸಿದ್ದರು. ಬೆಳ್ಳನೆಯ ಮೂರು ಗೆರೆ ಕೆಂಪು ಗೋಡೆಯಲ್ಲಿ ಹೊಳೆಯುತ್ತಿದ್ದವು.

ಮಾವನವರು ಎದ್ದು ಬಂದರು. ಮೇಸ್ತ್ರಿಯೂ ಕೆರೆಯುವ ಕರಣೆ ಹಿಡಿದು ಬಂದ. ಇಬ್ಬರೂ ಗೋಡೆ ನೋಡಿ ಇಂಗು ತಿಂದ ಮಂಗನಂತಾದರು.

"ಯಾವಳೇ ಈ ಕೆಲ್ಸ ಮಾಡ್ದೋಳು?" ಎಂದು ಮಾವನವರು ಅಬ್ಬರಿಸಿದರು.

ಅತ್ತೆ ಕಂಬದ ಕಡೆ ನೋಡಲೂ ಇಲ್ಲ. ಗಂಡನ ಕಡೆ ತಿರುಗಿ, ಮುಖಕ್ಕೆ ಮುಖ ಕೊಟ್ಟು ಹೇಳಿದರು: "ನಾನೇ. ಗೋಡೇಗೆ ಈಬೂತಿ ಧರಿಸ್ದೆ. ಕೆರೀರಿ ನೋಡನ."

ಮೇಸ್ತ್ರಿ ಕರಣೆಯನ್ನು ನೆಲದ ಮೇಲೆ ಇಟ್ಟ. "ನಾನು ಮಕ್ಳೊಂದಿಗ ಸಾವ್ಕಾರ್ರೇ. ಈಬೂತಿ ಮ್ಯಾಲೆ ಕಬ್ಬಿಣ ಇಡಾಕಿಲ್ಲ." ಮಾವನವರು ನನ್ನ ಗಂಡನ ಕಡೆ ನೋಡಿದರು. ಗಂಡ ಸೂರಿನ ಕಡೆ ನೋಡಿದರು. ಮಾವನವರೇ ಬಗ್ಗಿ ಕರಣೆ ತೆಗೆದುಕೊಂಡು ಗೋಡೆಯ ಹತ್ತಿರ ಹೋದರು. ನುಣ್ಣನೆಯ ಗೋಡೆಯಲ್ಲಿ ಅವರ ಮುಖ ಮೂಡಿತು, ಹಣೆಯ ಮೇಲೆ ಮೂರು ಗೆರೆ. ಅದರ ಪಕ್ಕದಲ್ಲೇ ಗೋಡೆಯ ಮೂರು ಗೆರೆ. ಎತ್ತಿದ ಕೈ ಹಾಗೇ ನಿಂತಿತು. ಸ್ವಂತ ಅಪ್ಪನ ತಲೆ ಕೆರೆಸಿದ ಮನುಷ್ಯನಿಗೆ ವಿಭೂತಿ ಕೆರೆಯಲು ಕೈ ಬರಲಿಲ್ಲ. ಕರಣೆ ಕೆಳಗಿಟ್ಟು, ಬೆರಳಿನಿಂದ ಗೆರೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. "ಮೇಸ್ತ್ರಿಗೆ ಉಪ್ಪಿಟ್ಟು ಕೊಟ್ಟು ಕಳ್ಸಿ" ಎಂದಷ್ಟೇ ಹೇಳಿ ಹೊರಗೆ ಹೋದರು.

ಗೋಡೆ ಮುಗಿದಿತ್ತು. ಅಣ್ಣ ನನ್ನ ಗಂಟು ಹೊತ್ತುಕೊಂಡು ಬೀದಿಗೆ ಇಳಿದ. ಅತ್ತೆ ಮಡಿಲಿಗೆ ಅಕ್ಕಿ ಕೊಬ್ಬರಿ ತುಂಬುವಾಗ ನಾನು ಮೆಲ್ಲಗೆ ಕೇಳಿದೆ: "ಮೊಟ್ಟೆ ಗಿಟ್ಟೆ ಸೇರಿಸಿರ್ತಾನೆ ಅಂತ ಅನುಮಾನ ಬಂತಾ ಅತ್ತೆಮ್ಮ? ಅದುಕ್ಕೇ ವಿಭೂತಿ ಹಚ್ಚಿದ್ರಾ?"

"ಮೊಟ್ಟೆಯಂತೆ ಮೊಟ್ಟೆ! ಬಾನಿ ಪಕ್ಕದಲ್ಲೇ ಕೂತಿರ್ನಿಲ್ವಾ ನಾನು?" ಎಂದರು. ಕೊಬ್ಬರಿ ಗಿಟುಕನ್ನು ಮಡಿಲಲ್ಲಿ ಸರಿಮಾಡಿದರು. "ನಾನು ಬಂದ್ ವರ್ಸ ಈ ಮನ್ಗೆ ಅಟ್ಟ ಕಟ್ತಿದ್ರು ಕಣವ್ವ. ಅಟ್ಟ ಆಗ್ಲಿ, ಗೌರಿಗೆ ಓಗೀವಂತೆ ಅಂದ್ರು. ಮರ ಒಣುಗ್ಲಿಲ್ಲ ಅಂದ್ರು, ಬಡಗಿ ಬರ್ಲಿಲ್ಲ ಅಂದ್ರು. ಅಟ್ಟ ಆಗೋ ಒತ್ಗೆ ನಮ್ಮವ್ವ ಇರ್ನಿಲ್ಲ." ಅಷ್ಟು ಹೇಳಿ ನನ್ನ ಸೆರಗಿನ ತುದಿ ಬಿಗಿಯಾಗಿ ಕಟ್ಟಿದರು. "ಓಗು, ಬಸ್ಸು ತಪ್ಪೋಯ್ತದೆ." ನಾನು ಅವರ ಕಾಲಿಗೆ ಬಿದ್ದು ಎದ್ದು ಬಂದೆ.

ಅರಕಲಗೂಡಿನಲ್ಲಿ ಅವ್ವನ ತೊಡೆಯ ಮೇಲೆ ತಲೆಯಿಟ್ಟು ಇದನ್ನೆಲ್ಲ ಹೇಳಿದೆ. ಮೊದಲು ಬಾಚಣಿಗೆಯ ಕಥೆಗೆ ನಕ್ಕಳು, ಅಟ್ಟದ ಕಥೆಯನ್ನು ಇನ್ನೊಂದು ಸಲ ಹೇಳಿಸಿದಳು. ಮಾರನೆಯ ದಿನ ಸಂತೆಗೆ ಹೋಗಿ ಇನ್ನೊಂದು ಜೊತೆ ಮೊರ ತಂದು ಅದಕ್ಕೂ ಅರಿಸಿನ ಬಳಿದಳು.

ನಾನು ಹಿಂತಿರುಗಿ ಬಂದಾಗ ಪಡಸಾಲೆಯ ಸ್ಥಿತಿಯೇ ಬೇರೆಯಾಗಿತ್ತು. ಮಾವನವರು ಗೋಡೆಯ ಹೊಳಪು ತೋರಿಸಲೆಂದು ನೆಂಟರನ್ನು ಕರೆದರೆ, ಬಂದವರು ಹೊಳಪು ನೋಡದೆ ಮೂರು ಗೆರೆಗೆ ಕೈ ಮುಗಿಯುತ್ತಿದ್ದರು. ದಂಡಿಗನಹಳ್ಳಿಯಿಂದ ಬಂದ ಮುದುಕಿಯೊಬ್ಬಳು ಮುಡಿದಿದ್ದ ಹೂವನ್ನೇ ತೆಗೆದು ಗೆರೆಯ ಮೇಲೆ ಅಂಟಿಸಲು ನೋಡಿದಳಂತೆ. ಹೂವು ಜಾರಿ ಬಿತ್ತಂತೆ. ಅಲ್ಲಿಗೆ ಮೇಸ್ತ್ರಿಯ ನೊಣದ ಮಾತೂ ಅಷ್ಟರಮಟ್ಟಿಗೆ ನಿಜವಾಯಿತು. ಕರ್ಪೂರ ಹಚ್ಚಲು ಬಂದವರನ್ನು ಮಾತ್ರ ಮಾವನವರು ಮಸಿಯಾಗುತ್ತದೆಂದು ಓಡಿಸಿದ್ದರು. "ಅದು ನಾನೇ ಬಿಡ್ಸಿದ್ದು. ದೇವ್ರ ಗುರ್ತು ಒಂದಿರ್ಲಿ ಅಂತ" ಎಂದು ಅವರು ಹೇಳಿಕೊಳ್ಳುವುದನ್ನು ಜಗಲಿಯಲ್ಲೇ ಕೇಳಿಸಿಕೊಂಡು ನಾನು ಒಳಗೆ ಬಂದೆ.

ಅವ್ವ ಕಳಿಸಿದ ಮೊರವನ್ನು ಅತ್ತೆಯ ಮುಂದೆ ಇಟ್ಟೆ. "ನಮ್ಮವ್ವ ನಿಮುಗೂ ಬಾಗಿನ ಕಳುಸವ್ಳೆ. ತಾಯಿ ಮನೇದು ಅಂತ ತಿಳ್ಕಂಡು ಈಸ್ಕಬೇಕಂತೆ" ಎಂದೆ.

ಅತ್ತೆ ಮೇಲಿನ ಮೊರ ಎತ್ತಿದರು. ಬಳೆ, ಕುಂಕುಮ, ರವಿಕೆ ಕಣ, ಅರಿಸಿನದ ಕೊಂಬು. ಜೊತೆಗೆ ಒಂದು ಮರದ ಬಾಚಣಿಗೆ. ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ನಕ್ಕರು, ಆಮೇಲೆ ಅವರ ಕಣ್ಣಿಂದ ನೀರು ಇಳಿಯಿತು. ಕೂತಲ್ಲಿಂದಲೇ ಮೆಲ್ಲಗೆ ಹಿಂದಕ್ಕೆ ಸರಿದು, ಎಣ್ಣೆ ಹಚ್ಚಿದ ತಲೆಯನ್ನು ಮೂರು ಗೆರೆಯ ಕೆಳಗೆ ಗೋಡೆಗೆ ಒರಗಿಸಿ ಕಣ್ಣು ಮುಚ್ಚಿದರು.

ಮಾವನವರು ಕೂತಲ್ಲಿಂದ ಎದ್ದು ನಿಂತರು.

ಅತ್ತೆ ಕಣ್ಣು ತೆರೆಯದೆಯೇ ಪಕ್ಕದ ನೆಲ ತಟ್ಟಿ, "ಎಷ್ಟೊತ್ತು ನಿಂತೀಯ, ಕೂತ್ಕ ಬಾ" ಎಂದರು. ನಾನು ಮಾವನವರ ಕಡೆ ನೋಡಲಿಲ್ಲ. ಹೋಗಿ ಕೂತು ಅವರ ಹಾಗೆಯೇ ತಲೆ ಒರಗಿಸಿದೆ. ಗೋಡೆ ತಣ್ಣಗಿತ್ತು. ನಾವು ಎದ್ದ ಮೇಲೆ ಅಲ್ಲಿ ಎರಡು ಎಣ್ಣೆ ಗುರುತು ಕಾಣುತ್ತಿದ್ದವು, ಒಂದು ಸ್ವಲ್ಪ ಕೆಳಗೆ, ಒಂದು ಸ್ವಲ್ಪ ಮೇಲೆ. ಅಷ್ಟು ನುಣ್ಣನೆಯ ಗೋಡೆ, ಬಟ್ಟೆಯಲ್ಲಿ ಒಂದು ಸಲ ಒರೆಸಿದ್ದರೆ ಹೋಗುತ್ತಿತ್ತು. ಮಾವನವರು ಹೆಗಲ ಮೇಲಿನ ವಸ್ತ್ರ ಕೈಗೆ ತೆಗೆದುಕೊಂಡು ಗೋಡೆಯವರೆಗೆ ಹೋದರು, ನೋಡಿದರು, ವಸ್ತ್ರವನ್ನು ಹೆಗಲಿಗೆ ಹಾಕಿಕೊಂಡು ಅಂಗಡಿಗೆ ಹೋದರು.